ಅಸಲುರಾಯರು

ಹೆಬ್ಬಾಳದ ಕೆರೆಯನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ಉತ್ತರಾಭಿಮುಖವಾಗಿ ಹೊರಟವನನ್ನು, ಹಿಂದೊಮ್ಮೆ ರಾಗಿ, ದ್ರಾಕ್ಷಿ, ಸೀಬೆಗಳು ಬೆಳೆಯುತ್ತಿದ್ದ ಈ ಕೆಮ್ಮಣ್ಣಿನ ನೆಲದಲ್ಲಿ ಈಗ ಏನು ಬೆಳೆಯುತ್ತಿದೆಯೆಂದು ಯಾರಾದರೂ ಕೇಳಿದರೆ, ಮನೆಗಳು ಎಂದು ಉತ್ತರ ಕೊಡುವುದು ಕಣ್ಣಿಗೆ ಕಂಡದ್ದನ್ನು ಹೇಳಿದಂತಾದೀತೇ ಹೊರತು ಸತ್ಯವನ್ನು ಹೇಳಿದಂತಾಗದು. ಅಲ್ಲಿ ಬೆಳೆಯುತ್ತಿರುವುದು ಗೃಹಸಾಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನಗಳು ಇಳಿಯತೊಡಗಿದಂದಿನಿಂದ ಸಹಕಾರನಗರ, ಕೊಡಿಗೇಹಳ್ಳಿ, ಜಕ್ಕೂರು, ಯಲಹಂಕಗಳ ನಿವೇಶನಗಳ ಬೆಲೆಯೂ ಮೇಲಕ್ಕೆ ಹಾರಿ, ಇಂದಿಗೂ ಇಳಿಯದೆ ಉಳಿದುಬಿಟ್ಟಿರುವುದರಿಂದ, ಪಿತ್ರಾರ್ಜಿತವಿಲ್ಲದವನು ಈ ಪ್ರಾಂತ್ಯದಲ್ಲಿ ಸ್ವಂತ ಸೂರನ್ನು ಸಂಪಾದಿಸಬೇಕಾದರೆ ಬ್ಯಾಂಕಿನ ಮ್ಯಾನೇಜರರ ಎದುರಿನ ಕುರ್ಚಿಯಲ್ಲಿ ಕೈಕಟ್ಟಿ ಕುಳಿತುಕೊಳ್ಳದೆ ಗತ್ಯಂತರವಿಲ್ಲ. ಹೀಗೆ ಕುಳಿತೆದ್ದವರಲ್ಲಿ ಬಹುಮಂದಿ, ತಿಂಗಳ ಐದನೆಯ ತಾರೀಖು ಖಾತೆಯಿಂದ ಕಂತು ತಾನಾಗಿಯೇ ಕತ್ತರಿಸಿಹೋಗುವುದನ್ನು ವಿಧಿಲಿಖಿತವೆಂದು ಒಪ್ಪಿಕೊಂಡು, ಉಳಿದದ್ದರಲ್ಲಿ ಭಾನುವಾರ ಮಸಾಲೆದೋಸೆಯನ್ನು ತಿಂದು, ನಿವೃತ್ತಿಯ ಹೊತ್ತಿಗೆ ಹೇಗೋ ತೀರೀತೆಂಬ ಭರವಸೆಯಲ್ಲಿ ಸುಖವಾಗಿ ನಿದ್ರಿಸುತ್ತಾರೆ. ಆದರೆ ಪ್ರತಿಯೊಂದು ಬಡಾವಣೆಯಲ್ಲಿಯೂ, ಅಡ್ಡರಸ್ತೆಗೊಬ್ಬರಂತೆ ಅಲ್ಲದಿದ್ದರೂ ಪಾರ್ಕಿಗೊಬ್ಬರಂತೆ, ಹೀಗೆ ನಿದ್ರೆ ಬಾರದ ಮಹನೀಯರೊಬ್ಬರು ಇದ್ದೇ ಇರುತ್ತಾರೆ.

ನಾನು ಹತ್ತಿರದಿಂದ ಬಲ್ಲವರು ಯಲಹಂಕ ಉಪನಗರದವರು. ತಂದೆತಾಯಿಗಳು ಅವರಿಗೆ ಇಟ್ಟ ಹೆಸರು ಬೇರೆಯೇ ಇದೆ. ಅಸಲುರಾಯರು ಎಂಬುದು ಬೀದಿಯವರು ಅರ್ಧ ಪ್ರೀತಿಯಿಂದಲೂ ಅರ್ಧ ಹೊಟ್ಟೆಯುರಿಯಿಂದಲೂ ದಯಪಾಲಿಸಿದ ಬಿರುದು. ಆದರೂ ಅವರೊಬ್ಬರನ್ನೇ ಕುರಿತು ಬರೆಯುತ್ತಿದ್ದೇನೆಂದು ವಾಚಕರು ಭಾವಿಸಬಾರದು. ಆರ್.ಟಿ. ನಗರದ ಬಸ್ ನಿಲ್ದಾಣದಲ್ಲಿ, ಯಶವಂತಪುರದ ಮಾರುಕಟ್ಟೆಯ ಹೆಬ್ಬಾಗಿಲಿನಲ್ಲಿ, ಬಿಇಎಲ್ ಕಾರ್ಖಾನೆಯಲ್ಲಿ ದುಡಿದು ವಿದ್ಯಾರಣ್ಯಪುರದಲ್ಲಿ ಮನೆ ಮಾಡಿಕೊಂಡವರ ನಡುವೆ, ಇವರ ಸಗೋತ್ರದವರನ್ನು ಯಾರಾದರೂ ಗುರುತಿಸಬಹುದು: ಕೈಯಲ್ಲಿ ಮಡಿಸಿದ ಬಟ್ಟೆಚೀಲ, ಚೀಲದೊಳಗೆ ಇನ್ನೊಂದು ಚೀಲ, ಅಟ್ಟೆ ಬದಲಾಯಿಸಿದ ಚಪ್ಪಲಿ, ಅಂಗಿಯ ಜೇಬಿನಲ್ಲಿ ಒಂದು ಪಕ್ಕ ಅಚ್ಚಾಗಿ ಮತ್ತೊಂದು ಪಕ್ಕ ಖಾಲಿಯಿರುವ ಕಾಗದದ ಚೂರು, ಮತ್ತು ಮುಖದಲ್ಲಿ, ಮನಸ್ಸಿನೊಳಗೆ ಸದಾ ಭಾಗಾಕಾರ ನಡೆಯುತ್ತಿರುವವರಿಗೆ ಮಾತ್ರ ಬರುವ ಒಂದು ಬಗೆಯ ತೇಜಸ್ಸು.

ಅವರು ಹುಟ್ಟಾ ಲೋಭಿಗಳಲ್ಲ. ರೈಲು ಗಾಲಿ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಕುಳಿತು, ಸಿನಿಮಾ ನೋಡುತ್ತ, ಸಿಗರೇಟನ್ನೂ ಆಗೀಗ ಸೇದುತ್ತ, ಬಾಡಿಗೆ ಮನೆಯಲ್ಲಿ ನಮ್ಮ ನಿಮ್ಮಂತೆಯೇ ಇದ್ದ ಮನುಷ್ಯ. 2013ರ ಕೊನೆಯಲ್ಲಿ, ಗೃಹಮಂಡಳಿಯವರು ಎಂದೋ ಕಟ್ಟಿಸಿದ್ದ ಮನೆಯೊಂದನ್ನು ಅದರ ಮೊದಲ ಒಡೆಯರಿಂದ ಕ್ರಯಕ್ಕೆ ಪಡೆದರು. ಹೆಂಡತಿಯ ಒಡವೆ, ಊರಿನ ಜಮೀನಿನ ಪಾಲು, ಭವಿಷ್ಯನಿಧಿಯ ಮುಂಗಡ, ಇವೆಲ್ಲ ಸೇರಿದ ಮೇಲೂ ಕೊರತೆಬಿದ್ದ ಮೂವತ್ತು ಲಕ್ಷವನ್ನು ಬ್ಯಾಂಕು ಶೇಕಡಾ ಹತ್ತರ ಬಡ್ಡಿಗೆ, ಇಪ್ಪತ್ತು ವರ್ಷಗಳ ಅವಧಿಗೆ, ನಗುನಗುತ್ತ ಕೊಟ್ಟಿತು. ತಿಂಗಳ ಕಂತು 28,951 ರೂಪಾಯಿ. ಗೃಹಪ್ರವೇಶದ ಮರುದಿನ, ನೆಂಟರೆಲ್ಲ ಮಿಕ್ಕ ಹೋಳಿಗೆಯನ್ನು ಕಟ್ಟಿಸಿಕೊಂಡು ತೆರಳಿದ ಮೇಲೆ, ಬ್ಯಾಂಕಿನವರು ಕೊಟ್ಟಿದ್ದ ಕಾಗದಗಳ ಕಟ್ಟಿನಲ್ಲಿ ಯಾವ ಸಾಲಗಾರನೂ ಓದದ ಕೊನೆಯ ಹಾಳೆಗಳನ್ನು, ಎಂದರೆ 240 ಕಂತುಗಳ ತಖ್ತೆಯನ್ನು, ಅವರು ಓದತೊಡಗಿದರು. ಅನಾಹುತವಾದದ್ದು ಅಲ್ಲಿ.

ಮೊದಲನೆಯ ಕಂತಿನ 28,951 ರೂಪಾಯಿಯಲ್ಲಿ ಬಡ್ಡಿಗೆ ಸಂದದ್ದು 25,000. ಅಸಲಿಗೆ ಸಂದದ್ದು 3,951. ವರ್ಷಪೂರ್ತಿ ಬೆವರು ಸುರಿಸಿ ಕಟ್ಟುವ 3,47,412 ರೂಪಾಯಿಯಲ್ಲಿ ಅಸಲು ತಗ್ಗುವುದು ಐವತ್ತು ಸಾವಿರಕ್ಕೂ ಕಡಮೆ. ಹದಿನಾಲ್ಕು ವರ್ಷ ಒಂದು ಕಂತನ್ನೂ ತಪ್ಪಿಸದೆ ಕಟ್ಟಿದ ಸತ್ಪುರುಷನಿಗೂ ಇನ್ನೂ ಅರ್ಧಕ್ಕಿಂತ ಹೆಚ್ಚು ಅಸಲು ಉಳಿದೇ ಇರುತ್ತದೆ. ಇಪ್ಪತ್ತು ವರ್ಷಗಳ ಕೊನೆಗೆ ಕೂಡಿಸಿ ನೋಡಿದರೆ ಮೂವತ್ತು ಲಕ್ಷಕ್ಕೆ ತೆತ್ತದ್ದು ಅರವತ್ತೊಂಬತ್ತು ಲಕ್ಷದ ನಲವತ್ತೆಂಟು ಸಾವಿರ. ಆ ರಾತ್ರಿ ರಾಯರು ಮಲಗಲಿಲ್ಲ. ಎರಡನೆಯ ರಾತ್ರಿ, ನಿದ್ರೆ ಹೇಗೂ ಬಾರದೆಂಬುದು ಖಚಿತವಾದ ಮೇಲೆ, ಅದೇ ತಖ್ತೆಯನ್ನು ಕೆಳಗಿನಿಂದ ಮೇಲಕ್ಕೆ ಓದಿದರು, ಜ್ಞಾನೋದಯವಾದದ್ದು ಆಗ. ಮೊದಲ ವರ್ಷದ ಅಂತ್ಯದಲ್ಲಿ ಒಂದೇ ಒಂದು ಲಕ್ಷವನ್ನು ಅಸಲಿಗೆ ಹೆಚ್ಚಾಗಿ ಕಟ್ಟಿದರೆ, ತಖ್ತೆಯ ಬುಡದಿಂದ ಇಪ್ಪತ್ತೊಂದು ಕಂತುಗಳು, ಎಂದರೆ ಆರು ಲಕ್ಷ ರೂಪಾಯಿ, ಉದುರಿಹೋಗುತ್ತವೆ. ತಿಂಗಳಿಗೆ ಸುಮಾರು 10,700 ರೂಪಾಯಿಯನ್ನು ಕಂತಿನ ಮೇಲೆ ಸೇರಿಸುತ್ತ ಬಂದರೆ ಸಾಲ ಇಪ್ಪತ್ತರ ಬದಲು ಹತ್ತೇ ವರ್ಷಕ್ಕೆ ತೀರಿ, ಇಪ್ಪತ್ತೆರಡು ಲಕ್ಷದಷ್ಟು ಬಡ್ಡಿ ಬ್ಯಾಂಕಿನ ಬಾಯಿಗೆ ಬೀಳದೆ ಉಳಿಯುತ್ತದೆ. ದಿನವೊಂದಕ್ಕೆ ಮುನ್ನೂರೈವತ್ತು ರೂಪಾಯಿ! ಅದು ಸಂಬಳದಿಂದ ಬರುವಂತಿರಲಿಲ್ಲ. ಆದುದರಿಂದ ಮನೆಯಿಂದಲೇ ಬರಬೇಕಾಯಿತು.

ಅವಧಿಗೆ ಮೊದಲೇ ತೀರಿಸುವವನಿಂದ ದಂಡವನ್ನು ಕೀಳುವ ಪದ್ಧತಿ ಹಿಂದೆ ಇತ್ತು. ಚರ ಬಡ್ಡಿದರದ ಗೃಹಸಾಲಕ್ಕೆ ಹಾಗೆ ಮಾಡಕೂಡದೆಂದು ರಿಸರ್ವ್ ಬ್ಯಾಂಕು 2012ರ ಜೂನ್‌ನಲ್ಲಿ ಬ್ಯಾಂಕುಗಳಿಗೆ ಆಜ್ಞಾಪಿಸಿತು. ಆ ಆದೇಶದ ಪ್ರತಿಯೊಂದನ್ನು ರಾಯರು ಅಚ್ಚುಹಾಕಿಸಿ ತಂದು ದೇವರಮನೆಯಲ್ಲಿ ಲಕ್ಷ್ಮಿಯ ಪಟದ ಹಿಂದೆ ಇಟ್ಟಿದ್ದಾರೆ. ಮಂಗಳಾರತಿಯ ಹೊತ್ತಿಗೆ ಅದಕ್ಕೂ ಒಂದು ಅಕ್ಷತೆ ಬೀಳುತ್ತದೆ. ಅದರ ಪಕ್ಕದ ಗೋಡೆಯ ಮೇಲೆ ತೂಗಿರುವ ಚಿತ್ರ ಯಾವ ದೇವರದೂ ಅಲ್ಲ, ಅವರ ಮನೆಯದೇ. ಮೂವತ್ತು ನಲವತ್ತರ ನಿವೇಶನದ ನಕ್ಷೆಯನ್ನು ಚೌಕುಳಿ ಕಾಗದದ ಮೇಲೆ ಇಳಿಸಿ, ಮುನ್ನೂರು ಚೌಕಗಳಾಗಿ ವಿಭಾಗಿಸಿ, ಚೌಕವೊಂದಕ್ಕೆ ಹತ್ತು ಸಾವಿರದಂತೆ ಅಸಲು ಸಂದಾಯವಾದಂತೆಲ್ಲ ಕೆಂಪು ಪೆನ್ಸಿಲಿನಿಂದ ತುಂಬುತ್ತ ಹೋಗುವುದು ಅವರ ವಿಧಾನ. ಬರಿಯ ಕಂತನ್ನೇ ನಂಬಿದ್ದರೆ ಮೊದಲ ವರ್ಷಕ್ಕೆ ಐದು ಚೌಕ ಕೆಂಪಾಗುತ್ತಿತ್ತು. ಬಚ್ಚಲುಮನೆಯಲ್ಲಿ ಹಂಡೆ ಮತ್ತು ಮಣೆ ಇಡುವಷ್ಟು ಜಾಗ. ರಾಯರ ಸಾಹಸದಿಂದ ಬಚ್ಚಲುಮನೆ ಪೂರ್ತಿ ಸ್ವತಂತ್ರವಾಯಿತು. ಎರಡನೆಯ ವರ್ಷ ದೇವರಮನೆ. ಮೂರನೆಯ ವರ್ಷ ಹಜಾರದ ಕಿಟಕಿಯ ಕಡೆಯ ಪಾರ್ಶ್ವ. ಅಂದಿನಿಂದ ಬಂದ ನೆಂಟರನ್ನು, ಪಂಖ ಇರುವುದು ಇನ್ನೊಂದು ಪಾರ್ಶ್ವದಲ್ಲಾದರೂ, ಕಿಟಕಿಯ ಕಡೆಗೇ ಕೂರಿಸುವರು. “ಅಲ್ಲಿ ಬೇಡಿ, ಅದು ಇನ್ನೂ ಬ್ಯಾಂಕಿನದು. ಇಲ್ಲಿ ಬನ್ನಿ, ನಮ್ಮ ಜಾಗದಲ್ಲಿ ಕೂತ್ಕೊಳ್ಳಿ.” ಪಂಖದ ವಿದ್ಯುತ್ತು ಉಳಿಯುವುದು ಕೇವಲ ಆನುಷಂಗಿಕ ಲಾಭ.

ಇನ್ನು ಆ ಮುನ್ನೂರೈವತ್ತು ರೂಪಾಯಿಯ ವಿಚಾರ. ಅಸಲುರಾಯರ ಗೃಹಕೃತ್ಯವನ್ನು ವರ್ಣಿಸುವಾಗ ಲೇಖನಿಗೆ ಸ್ವಲ್ಪ ಸ್ವಾತಂತ್ರ್ಯವನ್ನು ಕೊಡಬೇಕೆನಿಸಿದರೂ, ಅವರು ಇದನ್ನು ಓದುವ ಸಂಭವವಿರುವುದರಿಂದ (ಪತ್ರಿಕೆಯನ್ನು ಕೊಂಡಲ್ಲ, ನನ್ನಿಂದ ಪಡೆದು), ಕಂಡದ್ದನ್ನು ಮಾತ್ರ ಹೇಳುತ್ತೇನೆ. ಕಾಫಿಯಿಂದ ಆರಂಭಿಸೋಣ. ಚಿಕೋರಿಯ ಪ್ರಮಾಣ ಶೇಕಡಾ ಇಪ್ಪತ್ತರಿಂದ ನಲವತ್ತಕ್ಕೆ ಏರಿದ್ದು ಸಾಲ ಪಡೆದ ತಿಂಗಳಿನಲ್ಲಿಯೇ. ಫಿಲ್ಟರಿನಿಂದ ಮೊದಲು ಇಳಿದ ಡಿಕಾಕ್ಷನ್ ಮನೆಮಂದಿಗೆ, ಎರಡನೆಯ ಬಾರಿ ನೀರು ಹೊಯ್ದು ಇಳಿಸಿದ್ದು ಬಂಧುಗಳಿಗೆ, ಮೂರನೆಯದು ನನ್ನಂಥ ನೆರೆಯವರಿಗೆ. ಲೋಟದೊಳಗಿನ ಬಣ್ಣವನ್ನು ನೋಡಿದರೆ ಸಾಕು, ಆ ಮನೆಯಲ್ಲಿ ತನ್ನ ಸ್ಥಾನವೇನೆಂಬುದು ಬಂದವನಿಗೆ ತಿಳಿದುಹೋಗುತ್ತದೆ. ಮೂರನೆಯದನ್ನು ನಾನು ಕುಡಿದಿದ್ದೇನೆ; ಅದರಲ್ಲಿ ಕಾಫಿಯ ಸ್ಮರಣೆ ಮಾತ್ರವಿತ್ತು. ನೀರು ಶುದ್ಧಿಮಾಡುವ ಯಂತ್ರ ಹೊರಹಾಕುವ ನೀರಿನಿಂದ ನೆಲ ಒರೆಸುವರು. ನೆಲ ಒರೆಸಿದ ನೀರನ್ನು ಕರಿಬೇವಿನ ಗಿಡಕ್ಕೆ ಹೊಯ್ಯುವರು. ಕರಿಬೇವನ್ನು ಕೇಳಲು ಬಂದ ನೆರೆಯ ಗೃಹಿಣಿಯರಿಂದ ಪ್ರತಿಯಾಗಿ ಎರಡು ಹಸಿಮೆಣಸಿನಕಾಯಿ ಪಡೆಯುವರು. ಹಾಲಿನ ಕವರುಗಳನ್ನು ತೊಳೆದು ಹಗ್ಗಕ್ಕೆ ಸಿಕ್ಕಿಸಿ ಒಣಗಿಸಿ, ಗುಜರಿಯವನು ಬಂದಾಗ ತಮ್ಮದೇ ತಕ್ಕಡಿಯಲ್ಲಿ ತೂಗಿ ಕೊಡುವರು. ಊಟದ ಮೇಜನ್ನು ಅವರು ಹಜಾರದ ನಡುವಿನಿಂದ ಕಿಟಕಿಯ ಅಂಚಿಗೆ ಸರಿಸಿದ್ದು ಗಾಳಿಗೆಂದು ನಾನು ಬಹುಕಾಲ ಭಾವಿಸಿದ್ದೆ. ಬೀದಿಯ ದೀಪದ ಬೆಳಕು ಏಳು ಗಂಟೆಯ ಮೇಲೆ ನೇರವಾಗಿ ಅನ್ನದ ತಟ್ಟೆಯ ಮೇಲೆ ಬೀಳುವುದನ್ನು ಒಂದು ಸಂಜೆ ನೋಡಿದ ಮೇಲೆ, ಆ ದೀಪ ಕೆಟ್ಟಾಗಲೆಲ್ಲ ನಗರಪಾಲಿಕೆಗೆ ಮೊದಲ ದೂರು ಅವರದೇ ಏಕೆ ಹೋಗುತ್ತದೆಂಬುದು ಅರ್ಥವಾಯಿತು.

ಈರುಳ್ಳಿಗಾಗಿ ಅವರು ಕೈಕೊಳ್ಳುವ ಯಾತ್ರೆ ಪ್ರತ್ಯೇಕವಾಗಿಯೇ ವರ್ಣನೆಗೆ ಯೋಗ್ಯವಾದುದು. ಬೀದಿಯ ಕೊನೆಯ ಅಂಗಡಿಯಲ್ಲಿ ಅರ್ಧ ಕಿಲೋ ಕೊಳ್ಳುವುದು ಅವರ ದೃಷ್ಟಿಯಲ್ಲಿ ದುಂದುಗಾರಿಕೆ. ಯಲಹಂಕ ಜಂಕ್ಷನ್ನಿನಿಂದ ಹತ್ತು ರೂಪಾಯಿಯ ಟಿಕೆಟಿನಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಯಶವಂತಪುರದಲ್ಲಿ ಇಳಿದು, ಎಪಿಎಂಸಿ ಯಾರ್ಡಿನಲ್ಲಿ ಲಾರಿಗಳ ನಡುವೆ ನುಸುಳಿ, ಮೂಟೆಯ ಬಾಯಿಂದ ಒಂದನ್ನು ತೆಗೆದು ಮೂಗಿಗೂ ಕಿವಿಗೂ ಹಿಡಿದು (ಕಿವಿಗೆ ಏಕೆಂದು ನಾನು ಕೇಳಿಲ್ಲ), ಐವತ್ತು ಕಿಲೋದ ಚೀಲವೊಂದನ್ನು ಕೊಂಡು, ಮೊದಲೇ ಒಪ್ಪಿಸಿಟ್ಟ ನಾಲ್ಕು ಮನೆಗಳಿಗೆ ಕೊಂಡ ದರದಲ್ಲಿಯೇ ಹಂಚುವರು. ಲಾಭ ತೆಗೆದುಕೊಳ್ಳುವುದಿಲ್ಲ, ಆ ವಿಷಯದಲ್ಲಿ ಅವರು ಸತ್ಯಸಂಧರು. ಗೋಣಿಚೀಲ ಮಾತ್ರ ಅವರಿಗೆ. ಅವರ ಮನೆಯ ಮೆಟ್ಟಿಲಿನಿಂದ ಹಿತ್ತಿಲಿನವರೆಗೆ ಕಾಲೊರಸಿಗೆ ಕೊರತೆಯೆಂಬುದೇ ಇಲ್ಲ.

ತೆಂಗಿನಕಾಯಿಯನ್ನಂತೂ ಅವರು ಹತ್ತು ವರ್ಷಗಳಲ್ಲಿ ಕೊಂಡದ್ದು ವಿರಳ. ಹೆಬ್ಬಾಳದಿಂದ ಯಲಹಂಕದವರೆಗಿನ ಕಲ್ಯಾಣಮಂಟಪಗಳಲ್ಲಿ ಮಾಘದಿಂದ ಜ್ಯೇಷ್ಠದವರೆಗೆ ನಡೆಯುವ ಮದುವೆಗಳಲ್ಲಿ, ಕರೆದವರ ಮನೆಗೆ ಸಕುಟುಂಬರಾಗಿ ಹೋಗಿ, ನೂರೊಂದು ರೂಪಾಯಿಯ ಮುಯ್ಯಿಯನ್ನು ಕವರಿನಲ್ಲಿಟ್ಟು ಗಂಭೀರವಾಗಿ ಒಪ್ಪಿಸಿ, ಊಟ ಮುಗಿಸಿ ಹೊರಡುವಾಗ ತಲೆಗೊಂದರಂತೆ ದೊರೆಯುವ ತಾಂಬೂಲದ ಚೀಲಗಳಿಂದ ಮನೆಯ ಅಡುಗೆಗೆ ಬೇಕಾದಷ್ಟು ಕಾಯಿ ಸಂಗ್ರಹವಾಗುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲ; ಆ ಮಾಸದಲ್ಲಿ ಅವರ ಮನೆಯ ಚಟ್ನಿಗೆ ಹುರಿಗಡಲೆಯೇ ಗತಿ. ಅರಿಶಿನ ಕುಂಕುಮಕ್ಕೆ ಬಂದ ರವಿಕೆ ಕಣಗಳನ್ನು ಹೊಲಿಸಿಕೊಳ್ಳುವ ಅಪರಾಧವನ್ನು ಅವರ ಮನೆಯಲ್ಲಿ ಯಾರೂ ಮಾಡಿಲ್ಲ. ಗೌರಿಹಬ್ಬದಲ್ಲಿ ಅವರು ಕೊಟ್ಟ, ಅಂಚಿನಲ್ಲಿ ಸಣ್ಣ ಮಸಿಯ ಗುರುತಿದ್ದ ಹಸಿರು ಕಣವೊಂದು ಸಹಕಾರನಗರ, ಸಂಜಯನಗರ, ಗಂಗಾನಗರಗಳನ್ನು ಸುತ್ತಿ ಕೆಲವು ನವರಾತ್ರಿಗಳು ಕಳೆದ ಮೇಲೆ ಅವರ ಮನೆಗೇ ಹಿಂದಿರುಗಿದಾಗ, ರಾಯರು ಅದನ್ನು ಪರೀಕ್ಷಿಸಿ, “ಬಟ್ಟೆ ಗಟ್ಟಿ ಇದೆ, ಇನ್ನೊಂದು ಸುತ್ತು ಬರತ್ತೆ” ಎಂದರು.

ಇಂಥ ಮಿತವ್ಯಯಕ್ಕೆ ಸರಕಾರವು ಕೊಟ್ಟ ಪುರಸ್ಕಾರವನ್ನು ಹೇಳದೆ ಮುಂದೆ ಹೋಗುವಂತಿಲ್ಲ. 2023ರಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂದು, ಇನ್ನೂರು ಯೂನಿಟ್‌ವರೆಗೆ ವಿದ್ಯುತ್ತು ಉಚಿತವೆಂದು ಕೇಳಿದ ದಿನ ರಾಯರ ಮನೆಯಲ್ಲಿ ಹಗಲಿನಲ್ಲಿಯೇ ಪಂಖ ತಿರುಗಿತು. ಆದರೆ ಯೋಜನೆಯ ಒಕ್ಕಣೆಯನ್ನು ಓದಿದಾಗ, ಉಚಿತವಾದುದು ಇನ್ನೂರಲ್ಲ, ಹಿಂದಿನ ಆರ್ಥಿಕ ವರ್ಷದಲ್ಲಿ ಆಯಾ ಮನೆಯವರು ಬಳಸಿದ ಸರಾಸರಿ ಮತ್ತು ಅದರ ಮೇಲೆ ಶೇಕಡಾ ಹತ್ತು ಎಂಬುದು ತಿಳಿಯಿತು. ಎದುರುಮನೆಯವರು, ತಂಪುಯಂತ್ರವನ್ನು ಹಗಲಿರುಳೂ ಓಡಿಸಿ ತಿಂಗಳಿಗೆ 170 ಯೂನಿಟ್ ಸುಟ್ಟವರು, 187ಕ್ಕೆ ಹಕ್ಕುದಾರರಾದರು. ಬೀದಿದೀಪದ ಬೆಳಕಿನಲ್ಲಿ ಉಂಡು ಸರಾಸರಿಯನ್ನು 41ಕ್ಕೆ ಇಳಿಸಿದ್ದ ರಾಯರಿಗೆ ದಕ್ಕಿದ್ದು 45. ಜೀವಮಾನದಲ್ಲಿ ಅವರು ಮಿತವ್ಯಯದ ವಿಷಯದಲ್ಲಿ ಪಶ್ಚಾತ್ತಾಪಪಟ್ಟದ್ದು ಅದೊಂದೇ ಸಲವಿರಬೇಕು. ವಿದ್ಯುತ್ ಕಚೇರಿಗೆ ನಾಲ್ಕು ಪುಟಗಳ ಅರ್ಜಿಯೊಂದನ್ನು, ಎಂದಿನಂತೆ ಹಳೆಯ ಕಾಗದಗಳ ಹಿಂಬದಿಯಲ್ಲಿ, ಬರೆದು ಕೊಟ್ಟು ಬಂದರು: ಉಳಿಸಿದವನಿಗೆ ಕಡಮೆ, ಸುಟ್ಟವನಿಗೆ ಹೆಚ್ಚು ಎಂಬುದು ಯಾವ ನ್ಯಾಯ? 2024ರ ಜನವರಿಯಲ್ಲಿ ಸಚಿವಸಂಪುಟವು 48 ಯೂನಿಟ್‌ಗಿಂತ ಕಡಮೆ ಬಳಸುವವರಿಗೆ ಶೇಕಡಾ ಹತ್ತರ ಬದಲು ಹತ್ತು ಯೂನಿಟ್‌ಗಳನ್ನೇ ಹೆಚ್ಚಿಗೆ ಕೊಡಲು ನಿರ್ಧರಿಸಿದಾಗ, ರಾಜ್ಯದಾದ್ಯಂತ ಅಷ್ಟು ಕಡಮೆ ಉರಿಸುವ ಬಡಮನೆಗಳು ಅಸಂಖ್ಯಾತವಾಗಿರುವುದನ್ನು ಮರೆತು, ತಮ್ಮ ಅರ್ಜಿಯೇ ಇದಕ್ಕೆ ಕಾರಣವೆಂದು ರಾಯರು ನಂಬಿದರು. ನಾವಾರೂ ಅವರ ನಂಬಿಕೆಯನ್ನು ಕೆಡಿಸಲಿಲ್ಲ.

2023ರ ಜೂನ್ 11ರಿಂದ ಮಹಿಳೆಯರಿಗೆ ಸರಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾದುದರ ಪರಿಣಾಮ ಮಾತ್ರ ಅವರು ಎಣಿಸಿದಂತೆ ಆಗಲಿಲ್ಲ. ಅಲ್ಲಿಯವರೆಗೆ ತಾವೇ ನಿರ್ವಹಿಸುತ್ತಿದ್ದ ಮನೆಯ ಸಮಸ್ತ ಬಾಹ್ಯವ್ಯವಹಾರಗಳನ್ನೂ ಪತ್ನಿಗೆ ವಹಿಸಿಕೊಟ್ಟರು. ಆ ಸಾಧ್ವಿ ಶೂನ್ಯ ಮೊತ್ತದ ಟಿಕೆಟನ್ನು ಹಿಡಿದು ಮೊದಲು ಯಶವಂತಪುರಕ್ಕೆ, ಆಮೇಲೆ ಘಾಟಿ ಸುಬ್ರಹ್ಮಣ್ಯಕ್ಕೆ, ಕೊನೆಗೆ ಓರಗಿತ್ತಿಯನ್ನೂ ಜೊತೆಗೆ ಕರೆದುಕೊಂಡು ಧರ್ಮಸ್ಥಳಕ್ಕೇ ಹೋಗಿಬಂದರು. ರಾಯರು ಮೊದಲು ಕಂಗಾಲಾದರಾದರೂ, ಪ್ರಯಾಣ ಉಚಿತ, ಕ್ಷೇತ್ರದಲ್ಲಿ ಅನ್ನದಾಸೋಹ, ಮನೆಯಲ್ಲಿ ಎರಡು ದಿನ ಗ್ಯಾಸ್ ಉರಿಯದೆ ಉಳಿದದ್ದು, ಇವೆಲ್ಲವನ್ನೂ ಕೂಡಿಸಿ ನೋಡಿ, ತೀರ್ಥಯಾತ್ರೆಯಂಥ ಮಿತವ್ಯಯ ಮತ್ತೊಂದಿಲ್ಲವೆಂಬ ನಿರ್ಣಯಕ್ಕೆ ಬಂದರು.

ಅವರ ಸಿದ್ಧಾಂತವನ್ನು ಎದುರಿಸಿ ವಾದಿಸಿದವರಲ್ಲಿ ಗಣ್ಯನೆಂದರೆ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಉದ್ಯೋಗದಲ್ಲಿರುವ ಅವರ ತಮ್ಮನ ಮಗ. ಒಂದು ಭಾನುವಾರ ನನ್ನೆದುರಿಗೇ ಆ ವಾದ ನಡೆಯಿತು.

“ದೊಡ್ಡಪ್ಪ, ಹೋಮ್ ಲೋನ್ ಬೇಗ ತೀರಿಸೋದು ದಡ್ಡತನ. ಬಡ್ಡಿ ಮೇಲೆ ಎರಡು ಲಕ್ಷದವರೆಗೆ ಟ್ಯಾಕ್ಸ್ ವಿನಾಯಿತಿ ಇದೆ, ಗೊತ್ತಾ?”

“ಅದರಿಂದ ನಿನಗೆ ಎಷ್ಟು ಉಳಿಯತ್ತಪ್ಪ?”

“ನನ್ನ ಸ್ಲ್ಯಾಬ್‌ಗೆ ಅರವತ್ತೆರಡು ಸಾವಿರ ಚಿಲ್ಲರೆ.”

“ಅದಕ್ಕೆ ಎರಡು ಲಕ್ಷ ಬಡ್ಡಿ ಕಟ್ಟಬೇಕು ತಾನೆ? ಒಂದು ಕೆಲಸ ಮಾಡು. ಆ ಎರಡು ಲಕ್ಷ ನನಗೆ ಕೊಡು. ಅರವತ್ತೆರಡು ಸಾವಿರ ಈಗಲೇ, ಇಲ್ಲೇ, ವಾಪಸ್ ಕೊಡ್ತೀನಿ. ಯಾವ ಫಾರ್ಮೂ ತುಂಬೋದು ಬೇಡ.”

ಹುಡುಗನ ವಾದದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಸಾಲದ ಬಡ್ಡಿಗಿಂತ ಹೆಚ್ಚಿನ ಪ್ರತಿಫಲ ಬಂಡವಾಳಪೇಟೆಯಲ್ಲಿ ದೀರ್ಘಕಾಲದಲ್ಲಿ ದೊರೆಯುವ ಸಂಭವ ಇದೆ, ಹಾಗೆ ಗಳಿಸಿದವರೂ ಇದ್ದಾರೆ. ಆದರೆ ಆ ಪ್ರತಿಫಲವನ್ನು ಮುಂದಾಗಿಯೇ ಬರೆದು ಸಹಿ ಹಾಕಿ ಕೊಟ್ಟ ತಖ್ತೆ ಯಾರ ಬಳಿಯೂ ಇಲ್ಲ. ತೀರಿಸಿದ ಅಸಲಿನ ಬಡ್ಡಿಯಾದರೋ ಉಳಿದದ್ದು ಉಳಿದಂತೆಯೇ. ಮೇಲಾಗಿ, 2023-24ರಿಂದ ತಾನಾಗಿಯೇ ಅನ್ವಯವಾಗುವ ಹೊಸ ತೆರಿಗೆ ಪದ್ಧತಿಯಲ್ಲಿ ವಾಸದ ಮನೆಯ ಬಡ್ಡಿಗೆ ಆ ವಿನಾಯಿತಿಯೇ ಇಲ್ಲ. ಹುಡುಗ ಹೊಸ ಪದ್ಧತಿಗೆ ಸೇರಿದ ಮೇಲೆ ದೊಡ್ಡಪ್ಪನ ಮನೆಗೆ ಬರುವುದನ್ನು ಕಡಮೆ ಮಾಡಿದ್ದಾನೆ. ಕಾಫಿಯೂ ಕಾರಣವಿರಬಹುದು.

ಪ್ರತಿ ದಸರೆಯಲ್ಲಿ ರೈಲ್ವೆ ನೌಕರರಿಗೆ 78 ದಿನಗಳ ವೇತನದ ಬೋನಸ್ಸು ಬರುವುದುಂಟು; ಅದಕ್ಕೆ ಗರಿಷ್ಠ ಮಿತಿ 17,951 ರೂಪಾಯಿ. ಉಳಿದ ಮನೆಗಳಲ್ಲಿ ಇದು ಹೊಸ ಬಟ್ಟೆಯಾಗಿ, ಮಿಠಾಯಿಯಾಗಿ, ಆಯುಧಪೂಜೆಯ ಬೂದುಗುಂಬಳವಾಗಿ ಪರಿಣಮಿಸುತ್ತದೆ. ರಾಯರ ಕಣ್ಣಿಗೆ ಅದು ಎರಡು ಚೌಕಗಳಿಗೆ 2,049 ರೂಪಾಯಿ ಕೊರತೆ. ಅರೆಬರೆ ತುಂಬಿದ ಚೌಕವನ್ನು ಗೋಡೆಯ ಮೇಲೆ ನೋಡುತ್ತ ವಿಜಯದಶಮಿಯನ್ನು ಆಚರಿಸುವುದು ಅಶುಭವೆಂಬ ಕಾರಣದಿಂದ ಆ ಕೊರತೆಯನ್ನು ಪತ್ನಿಯ ಹಬ್ಬದ ಸೀರೆಯ ಬಾಬಿನಿಂದ ತುಂಬಲಾಗುತ್ತಿತ್ತು.

ಇದೆಲ್ಲ ನಗೆಯ ವಿಷಯವೇ ಎಂದು ಕೇಳುವವರು ಕೇಳಬಹುದು. ಐದನೆಯ ತರಗತಿಯಲ್ಲಿದ್ದ ಮಗಳಿಗೆ ಶಾಲೆಯಲ್ಲಿ ‘ನಮ್ಮ ಮನೆ’ ಎಂಬ ಪ್ರಬಂಧವನ್ನು ಬರೆಯಲು ಹೇಳಿದಾಗ, “ನಮ್ಮ ಮನೆಯಲ್ಲಿ ಬಚ್ಚಲುಮನೆ ಮತ್ತು ದೇವರಮನೆ ನಮ್ಮವು. ಉಳಿದ ಕೋಣೆಗಳು ಬ್ಯಾಂಕಿನವು. ನಾನು ಬ್ಯಾಂಕಿನ ಕೋಣೆಯಲ್ಲಿ ಮಲಗುತ್ತೇನೆ” ಎಂದು ಬರೆದಿಟ್ಟಳು. ಉಪಾಧ್ಯಾಯಿನಿಯವರು ಗಾಬರಿಯಾಗಿ ತಂದೆಯನ್ನು ಕರೆಸಿದರು. ತಂದೆ ಪ್ರಬಂಧವನ್ನು ಓದಿ, ಲೆಕ್ಕ ಸರಿಯಾಗಿಯೇ ಇದೆಯೆಂದು ಹೇಳಿ ಬಂದರು. ಅದೇ ಹುಡುಗಿ ಸಹಪಾಠಿಗಳೊಂದಿಗೆ ಪ್ರವಾಸಕ್ಕೆ ಹೋದದ್ದು ಅಪರೂಪ. ಹುಟ್ಟುಹಬ್ಬಕ್ಕೆ ಕೇಕಿನ ಬದಲು ಕೇಸರಿಬಾತನ್ನೇ ಕತ್ತರಿಸಿ ಬೆಳೆದವಳು. ರಾಯರ ತಖ್ತೆಯಲ್ಲಿ ಇವುಗಳಿಗೆ ಕಲಮು ಇರಲಿಲ್ಲ. ಇರಬೇಕಾಗಿತ್ತೆಂದು ನನ್ನ ಅಭಿಪ್ರಾಯ. ಅವರೊಂದಿಗೆ ಅದನ್ನು ಆಡಿಯೂ ಇದ್ದೇನೆ. “ಕೇಕಿನ ಬಡ್ಡಿ ಎಷ್ಟು ಅಂತ ಗೊತ್ತೇನ್ರೀ ನಿಮಗೆ?” ಎಂದಷ್ಟೇ ಅವರು ಕೇಳಿದರು.

2020ರ ಮಾರ್ಚಿನಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡು, ಸಾಲಗಾರರು ಕಂತನ್ನು ಮುಂದೂಡಬಹುದೆಂಬ ಅನುಮತಿಯನ್ನು ರಿಸರ್ವ್ ಬ್ಯಾಂಕು ಕೊಟ್ಟಾಗ, ಮುಂದೂಡಿದ ತಿಂಗಳುಗಳಿಗೂ ಬಡ್ಡಿ ಬೆಳೆಯುತ್ತದೆಂಬುದನ್ನು ಬೀದಿಯ ಮನೆಮನೆಗೆ ಮುಖಗವಸು ಕಟ್ಟಿಕೊಂಡು ಹೋಗಿ ಸಾರಿದವರು ಅವರೊಬ್ಬರೇ. ಮೇ ತಿಂಗಳಲ್ಲಿ ರೆಪೊ ದರ ಶೇಕಡಾ 4ಕ್ಕೆ ಇಳಿದು, ಉಳಿದವರು ಕಂತು ಕಡಮೆಯಾಯಿತೆಂದು ಹಿಗ್ಗುತ್ತಿದ್ದಾಗ, ತಮ್ಮ ಕಂತನ್ನು ಒಂದು ಪೈಸೆಯೂ ಇಳಿಸಕೂಡದೆಂದು ಬರೆದುಕೊಟ್ಟರು. 2023ರ ಫೆಬ್ರವರಿಯ ಹೊತ್ತಿಗೆ ಅದೇ ದರ 6.5ಕ್ಕೆ ಏರಿ, ಹಿಗ್ಗಿದವರಲ್ಲಿ ಹಲವರ ಸಾಲದ ಅವಧಿ ನಿವೃತ್ತಿಯನ್ನೂ ದಾಟಿ ಬೆಳೆದಾಗ, ರಾಯರ ನಕ್ಷೆಯಲ್ಲಿ ಬಿಳಿಯಾಗಿ ಉಳಿದಿದ್ದದ್ದು ಅಡುಗೆಮನೆ ಮತ್ತು ಅದರ ಪಕ್ಕದ ಉಗ್ರಾಣ ಮಾತ್ರ. ಗ್ಯಾಸ್ ಸಿಲಿಂಡರ್ ಇರುವ ಕೋಣೆ ಕಡೆಯವರೆಗೂ ಬ್ಯಾಂಕಿನ ಹೊಣೆಯಲ್ಲಿಯೇ ಇರಲೆಂಬುದು ಅವರ ದೂರಾಲೋಚನೆ.

ಈ ಚರಿತ್ರೆಯಲ್ಲಿ ನಿಜವಾದ ಆಶ್ಚರ್ಯ ನಡೆದದ್ದು 2023ರ ಡಿಸೆಂಬರಿನಲ್ಲಿ. ಹದಿನಾಲ್ಕು ಚೌಕಗಳು, ಎಂದರೆ ಒಂದು ಲಕ್ಷ ನಲವತ್ತು ಸಾವಿರ ಬಾಕಿಯಿತ್ತು. ಹತ್ತು ವರ್ಷದ ಗಡುವಿಗೆ ಕೆಲವೇ ದಿನಗಳು ಉಳಿದಿದ್ದವು. ಇನ್ನು ಯಾವ ಬಾಬನ್ನು ಹಿಂಡಿದರೆ ಹನಿ ಬಂದೀತೆಂದು ರಾಯರು ಹಜಾರದಲ್ಲಿ ಚಿಂತಾಕ್ರಾಂತರಾಗಿ ಕುಳಿತಿರುವಾಗ, ಪತ್ನಿ ಒಳಗಿನಿಂದ ಬಂದು, ಸಾರಿನಪುಡಿಯ ವಾಸನೆ ಬರುತ್ತಿದ್ದ ನೋಟುಗಳ ಕಟ್ಟನ್ನು ಎದುರಿಗಿಟ್ಟರು. ಎಣಿಸಿದಾಗ ಸರಿಯಾಗಿ ಒಂದು ಲಕ್ಷ ನಲವತ್ತು ಸಾವಿರ. ರಾಯರಿಗೆ ಆದದ್ದು ಸಂತೋಷವಲ್ಲ, ಆಘಾತ.

“ಇದೆಲ್ಲಿಂದ ಬಂತೇ? ನನ್ನ ಲೆಕ್ಕದಲ್ಲಿ ಎಲ್ಲೋ ಸೋರಿಕೆ ಇದೆ ಅಂತಾಯ್ತು!”

“ಸೋರಿಕೆ ಏನೂ ಇಲ್ಲ ಕಣ್ರೀ. ಅಕ್ಕಿ ತೂಗಿದ್ರಿ, ಬೇಳೆ ತೂಗಿದ್ರಿ, ಹಾಲಿನ ಕವರೂ ತೂಗಿದ್ರಿ. ತಾರಸಿ ಮೇಲಿನ ಬಿಸಿಲು ತೂಗಲಿಲ್ಲ.”

ರಾಯರು ಕಾರ್ಖಾನೆಗೆ ಹೋದ ಮೇಲಿನ ಹಗಲುಗಳಲ್ಲಿ, ವರ್ಷಗಳ ಕಾಲ, ಆಕೆ ಬೀದಿಯ ಮನೆಗಳವರು ತಂದುಕೊಟ್ಟ ಸಾಮಗ್ರಿಯಲ್ಲಿ ಅವರಿಗೆ ಸಾರಿನಪುಡಿ, ಹುಳಿಪುಡಿ, ಹಪ್ಪಳ, ಸಂಡಿಗೆಗಳನ್ನು ಮಾಡಿಕೊಟ್ಟು, ಬಂದ ಕೂಲಿಯನ್ನು ನಾಲ್ಕನೆಯ ಅಡ್ಡರಸ್ತೆಯ ಹೆಂಗಸರ ಚೀಟಿಗೆ ಹಾಕುತ್ತ ಬಂದಿದ್ದರು. ಚೀಟಿ ಎತ್ತಿದ್ದು ಆ ವಾರ. ಪಕ್ಕದ ಮನೆಯ ಸಾರಿನ ರುಚಿಯನ್ನು ಹೊಗಳಿ, “ನೀನೂ ಹೀಗೆ ಪುಡಿ ಮಾಡಬಾರದೇನೇ?” ಎಂದು ರಾಯರು ಹಿಂದೊಮ್ಮೆ ಕೇಳಿದ್ದರಂತೆ, ಆಕೆ ಅಂದು ಏನೂ ಹೇಳಿರಲಿಲ್ಲ. ಈಗ ಮಾತ್ರ, ಕೆಂಪು ಪೆನ್ಸಿಲನ್ನು ರಾಯರ ಕೈಯಿಂದ ತೆಗೆದುಕೊಂಡು, ಅಡುಗೆಮನೆಯ ಹದಿನಾಲ್ಕು ಚೌಕಗಳನ್ನೂ ತಾವೇ ತುಂಬಿ, “ಇದು ನನ್ನದು. ಇನ್ನು ಕಾಫಿಗೆ ಎರಡನೇ ಸಲ ನೀರು ಹಾಕೋದು ನನ್ನ ಅಡುಗೆಮನೇಲಿ ನಡೆಯಲ್ಲ” ಎಂದರು. ಹತ್ತು ವರ್ಷಗಳ ಆ ಮಹಾಯುದ್ಧದಲ್ಲಿ ಸೇನಾಪತಿ ಯಾರು, ಕಹಳೆ ಊದಿದವರು ಯಾರು ಎಂಬ ವಿಷಯದಲ್ಲಿ ಬೀದಿಯವರಿಗೆ ಅಂದಿನಿಂದ ಭಿನ್ನಾಭಿಪ್ರಾಯವಿಲ್ಲ.

ಸಾಲ ತೀರಿದ ಮೇಲಿನ ವಿಧಿಗಳು ಬೇಗ ಮುಗಿದವು. ಪೂರ್ತಿ ತೀರಿಸಿದವನಿಗೆ ಮೂವತ್ತು ದಿನಗಳೊಳಗಾಗಿ ಮೂಲಪತ್ರಗಳನ್ನು ಹಿಂದಿರುಗಿಸದಿದ್ದರೆ ಬ್ಯಾಂಕು ದಿನಕ್ಕೆ ಐದು ಸಾವಿರದಂತೆ ಪರಿಹಾರ ಕೊಡಬೇಕೆಂಬ ನಿಯಮ ಜಾರಿಗೆ ಬಂದದ್ದು ಅದೇ ಡಿಸೆಂಬರ್ 1ರಂದು. ಇದನ್ನು ಓದಿದ ರಾಯರು, ಮೂವತ್ತೊಂದನೆಯ ದಿನದಿಂದ ಎರಡು ದಿನಕ್ಕೊಂದು ಚೌಕದಂತೆ ಬ್ಯಾಂಕೇ ತಮಗೆ ಕಂತು ಕಟ್ಟುವ ಶುಭಕಾಲವನ್ನು ಕಲ್ಪಿಸಿಕೊಂಡು, ವಿಳಂಬವಾಗಲೆಂದು ಆಂಜನೇಯನಿಗೆ ಹರಕೆ ಹೊತ್ತಿದ್ದರೆಂದು ವದಂತಿ. ಬ್ಯಾಂಕಿನವರು ಎರಡು ವಾರದೊಳಗೇ ಕರೆದು ಕ್ರಯಪತ್ರವನ್ನು ಕೈಗಿತ್ತರು. ರಾಯರು ಪ್ರತಿಯೊಂದು ಪುಟವನ್ನೂ ಎಣಿಸಿ, ಸ್ವಲ್ಪ ನಿರಾಶೆಯಿಂದಲೇ ಸಹಿ ಹಾಕಿದರು. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅಡಮಾನದ ಬಿಡುಗಡೆಯನ್ನು ನೋಂದಾಯಿಸಿ, ಋಣಭಾರ ಪತ್ರದಲ್ಲಿ ಅದು ದಾಖಲಾಗಿದೆಯೆಂಬುದನ್ನು ಕಣ್ಣಾರೆ ಕಂಡು ಬಂದರು. ಸಾಲ ತೀರಿಸಿ ಈ ಕೊನೆಯ ಹೆಜ್ಜೆಯನ್ನು ಮರೆತು, ಮಕ್ಕಳ ಕಾಲದಲ್ಲಿ ಮನೆ ಮಾರಹೊರಟಾಗ ಪೇಚಿಗೆ ಬೀಳುವವರು ಇದ್ದಾರೆಂಬುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಋಣಮುಕ್ತರಾದ ಅಸಲುರಾಯರು ಒಂದು ತಿಂಗಳ ಕಾಲ ಕೆಲಸವಿಲ್ಲದ ಮನುಷ್ಯನಂತೆ ಬೀದಿಯಲ್ಲಿ ಅತ್ತಿಂದಿತ್ತ ಅಲೆದರು. ಈಗ ಪರರ ಸಾಲಗಳ ಉದ್ಧಾರಕ್ಕೆ ತೊಡಗಿದ್ದಾರೆ. ಉಪನಗರದ ಪಾರ್ಕಿನ ಕಲ್ಲುಬೆಂಚಿನ ಮೇಲೆ, ಬೆಳಕು ಚೆನ್ನಾಗಿ ಬೀಳುವ ಕಂಬದ ಕೆಳಗೆ, ಸಂಜೆ ಆರರ ಮೇಲೆ ಅವರು ದೊರೆಯುತ್ತಾರೆ, ಸಲಹೆಗೆ ಶುಲ್ಕವಿಲ್ಲ. ಗೃಹಸಾಲವಿರುವ ವಾಚಕರು ಕಂತಿನ ತಖ್ತೆಯ ಕೊನೆಯ ಹಾಳೆಯನ್ನು ಮರೆಯದೆ ಒಯ್ಯಬೇಕು, ಚೌಕುಳಿ ಕಾಗದವನ್ನೂ ಕೆಂಪು ಪೆನ್ಸಿಲನ್ನೂ ತಾವೇ ಕೊಂಡು ತರಬೇಕು. ಮಾತು ಮುಗಿದ ಮೇಲೆ ರಾಯರು ಮನೆಗೆ ಕಾಫಿಗೆ ಕರೆದರೆ, ಯಜಮಾನಿತಿಯವರು ಮನೆಯಲ್ಲಿರುವರೇ ಎಂದು ವಿಚಾರಿಸಿಕೊಂಡು ಹೋಗುವುದು ಲೇಸು. ಘಾಟಿಗೋ ಧರ್ಮಸ್ಥಳಕ್ಕೋ ಹೋಗಿದ್ದಾರೆಂದು ತಿಳಿದುಬಂದರೆ, ಈಗಾಗಲೇ ಕುಡಿದಾಯಿತೆಂದು ಹೇಳಿಬಿಡಿ.